ಎದಿಮಟ

ಒಳ್ಳೆಯ ಸುದ್ದಿ ಹೇಳಿದ್ದಕ್ಕೆ ಪುತಳಾಬಾಯಿಯ ಬಾಗಿಲಿಗೆ ಚೀಟಿ ಬಿತ್ತು.

ಕೊರೊನಾದ ಎರಡನೇ ವರ್ಷ, ಮೇ ತಿಂಗಳ ಮೊದಲ ವಾರ. ಔರಾದ ತಾಲೂಕಿನ ಗಡಿಗೆ ಹತ್ತಿಕೊಂಡ ಕಾಸರವಾಡಿ ಎಂಬ ಊರು. ಆಶಾ ಕೆಲಸದ ಸಿದ್ದೇಶ್ವರಿ ಯಾರಿಗೆ ಜ್ವರ, ಯಾರಿಗೆ ಕೆಮ್ಮು ಎಂದು ಬರೆದುಕೊಳ್ಳುತ್ತ ಹೊಲಗೇರಿಗೆ ಬಂದಳು. ಅಂಗಳದ ಆಚೆಗೇ ನಿಂತಳು. ರೋಗಕ್ಕೆ ಹೆದರಿ ನಿಂತಳು ಎಂದುಕೊಳ್ಳಬೇಡಿ. ರೋಗ ಬರುವ ಮೊದಲೂ ಆಕೆ ಆ ಕೇರಿಯಲ್ಲಿ ಯಾರ ಅಂಗಳವನ್ನೂ ದಾಟಿದವಳಲ್ಲ.

"ಹ್ಯಾಂಗ ಅದ ಪುತಳಾಬಾಯಿ ಈಗ?"

ಪುತಳಾಬಾಯಿ ಹೊಸ್ತಿಲಿಗೆ ಬಂದಳು. ತಲೆಯ ಕೂದಲೆಲ್ಲ ಉದುರಿ ಹೋಗಿದ್ದವು. ಸೆರಗನ್ನು ಹಣೆಯ ತನಕ ಎಳೆದುಕೊಂಡಿದ್ದಳು. ಬಾಯಿಯೊಳಗೆ ಹುಣ್ಣು. ಆದರೂ ಆ ದಿನ ಆಕೆಗೆ ಹೇಳಿಕೊಳ್ಳಲು ಒಂದು ಮಾತಿತ್ತು.

"ಚಲೋ ಅದರಿ ಅಕ್ಕೋರೆ. ನಾಕು ಸೂಜಿ ಆದವು. ಇನ್ನ ಎರಡು ಉಳದಾವ. ಡಾಕ್ಟರಣಿ ಅಂದಾರ, ನಂದು ಪಾಸಿಟಿವ್ ಅದಂತ. ಪಾಸಿಟಿವ್ ಬಂದದ್ದು ನನ್ನ ನಸೀಬ ಅಂತ."

ಸಿದ್ದೇಶ್ವರಿ ಎರಡು ಹೆಜ್ಜೆ ಹಿಂದೆ ಸರಿದಳು. ಕೈಯಲ್ಲಿನ ಪೆನ್ನು ಬಿತ್ತು. ಅದನ್ನು ಎತ್ತಿಕೊಳ್ಳಲಿಲ್ಲ.

"ಕಾಗದ ತೋರಸು. ಅಲ್ಲೇ ಇಡು. ನೆಲದ ಮ್ಯಾಲ ಇಡು."

ಪುತಳಾಬಾಯಿ ದವಾಖಾನೆಯ ಫೈಲನ್ನು ಅಂಗಳದಲ್ಲಿ ಬಿಚ್ಚಿಟ್ಟು ಸರಿದು ನಿಂತಳು. ಸಿದ್ದೇಶ್ವರಿ ಬಗ್ಗಿ, ಮುಟ್ಟದೆ, ಅಕ್ಷರ ಅಕ್ಷರ ಕೂಡಿಸಿ ಓದಿದಳು. ಒಂದು ಸಾಲಿನಲ್ಲಿ ಪಾಸಿಟಿವ್ ಇತ್ತು. ಅದರ ಕೆಳಗಿನ ಸಾಲಿನಲ್ಲೂ ಇತ್ತು.

"ಎರಡು ಸಲ ಪಾಸಿಟಿವ್ ಅದಲ್ಲವಾ," ಎಂದಳು. ಆಮೇಲೆ ಅಲ್ಲಿ ನಿಲ್ಲಲಿಲ್ಲ.

ಆ ಮಾತು ಪುತಳಾಬಾಯಿಗೆ ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು. ಹನ್ನೊಂದು ವರ್ಷ ಆಕೆ ಆ ಊರಿನ ಗಟಾರು ಬಳಿದವಳು. ವಾರಕ್ಕೆ ಎರಡು ಸಲ, ಸೊಂಟದ ತನಕ ಬಗ್ಗಿ, ಕೈಯಿಂದಲೇ ರಾಡಿ ಎತ್ತಿ ಬುಟ್ಟಿಗೆ ತುಂಬಿ, ಬುಟ್ಟಿ ತಲೆಯ ಮೇಲೆ ಹೊತ್ತು ಊರ ಹೊರಗೆ ಚೆಲ್ಲಿ ಬರುವುದು. ರಾಡಿ ಕಿವಿಯ ಮೇಲೆ ಇಳಿಯುತ್ತಿತ್ತು. ಒಂದು ದಿನ ಬುಟ್ಟಿ ಎತ್ತಲು ಹೋದಾಗ ಎಡಗೈ ಮೇಲೇಳಲಿಲ್ಲ. ಎದೆಯಲ್ಲಿ ಲಿಂಬಿಕಾಯಿಯಷ್ಟು ಗಂಟು ಇತ್ತು. ಗಂಡ ಬಕ್ಕಪ್ಪ ಆಕೆಯನ್ನು ಮೊದಲು ಭಾಲ್ಕಿಗೆ ಕರೆದುಕೊಂಡು ಹೋದ. ಅಲ್ಲಿಂದ ಬೀದರಿಗೆ ಹೋಗಿರಿ ಅಂದರು. ಬೀದರಿನಲ್ಲಿ, ಮೈಲೂರ ಕಡೆಯ ಒಂದು ಸಣ್ಣ ದವಾಖಾನೆಯಲ್ಲಿ, ಡಾಕ್ಟರ್ ಫರಹತ ಸಿಕ್ಕರು. ಮುಟ್ಟಿ ನೋಡಿದರು. ಮುಟ್ಟುವಾಗ ಮುಖ ಸಿಂಡರಿಸಲಿಲ್ಲ. ಪುತಳಾಬಾಯಿಗೆ ಅಷ್ಟಕ್ಕೇ ಕಣ್ಣಲ್ಲಿ ನೀರು ಬಂದಿತ್ತು.

ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅದರ ಕಾಗದ ಬಂದ ದಿನ ಡಾಕ್ಟರಣಿ ಆಕೆಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು.

"ಪುತಳಾಬಾಯಿ, ಕೇಳ್ರಿ. ನಿಮ್ಮ ಗಂಟು ಪಾಸಿಟಿವ್ ಅದ. ಆರು ಸೂಜಿ, ಅದಾದ ಮ್ಯಾಲ ಆಪರೇಶನ್, ಆಮ್ಯಾಲ ದಿನಾ ಒಂದು ಗುಳಗಿ. ಆ ಗುಳಗಿ ಎಲ್ಲಾರಿಗೂ ನಾಟಂಗಿಲ್ಲ. ಪಾಸಿಟಿವ್ ಇದ್ದವರಿಗೆ ನಾಟತದ. ನಿಮ್ಮ ನಸೀಬ ಚಲೋ ಅದ."

ನಲವತ್ತಾರು ವರ್ಷದಲ್ಲಿ ಯಾರೂ ಪುತಳಾಬಾಯಿಗೆ ನಸೀಬ ಚೆನ್ನಾಗಿದೆ ಎಂದು ಹೇಳಿರಲಿಲ್ಲ. ಆಕೆ ಆ ಶಬ್ದವನ್ನು ಸೆರಗಿಗೆ ಸಕ್ಕರೆ ಕಟ್ಟಿಕೊಂಡಂತೆ ಊರಿಗೆ ತಂದಳು. ಹುಣ್ಣಿನ ಬಾಯಲ್ಲಿ ಒಬ್ಬಳೇ ಹೇಳಿಕೊಂಡಳು. ಪಾಸಿಟಿವ್, ಪಾಸಿಟಿವ್. ನಾಲ್ಕು ಸೂಜಿ ಆಗುವ ಹೊತ್ತಿಗೆ ಗಂಟು ಲಿಂಬಿಕಾಯಿಯಿಂದ ಬಾರಿಹಣ್ಣಿನಷ್ಟಾಗಿತ್ತು. ದಿನಾ ಬೆಳಿಗ್ಗೆ ಬೆರಳಿನಿಂದ ಒತ್ತಿ ನೋಡಿಕೊಳ್ಳುವುದು ಆಕೆಗೆ ರೂಢಿಯಾಗಿತ್ತು.

ನಾಲ್ಕನೇ ಸೂಜಿಯ ದಿನ ಡಾಕ್ಟರಣಿ ಎರಡು ಮಾತು ಹೇಳಿ ಕಳಿಸಿದ್ದರು. ಒಂದು, ಐದನೆಯದು ಇಪ್ಪತ್ತೊಂದು ದಿನಕ್ಕೆ. "ಅವತ್ತು ಈದ್ ಬರಬಹುದು. ಬಂದ್ರೂ ನಾ ದವಾಖಾನಿಗೆ ಬರ್ತೇನಿ. ನೀವು ತಪ್ಪಸಬ್ಯಾಡ್ರಿ. ಎರಡು ಮೂರು ದಿನ ಹಿಂದ ಮುಂದ ನಡೀತದ. ವಾರ ದಾಟಿತಂದ್ರ ಗಂಟು ಮತ್ತ ತಲಿ ಎತ್ತತದ." ಎರಡನೆಯದು, "ಸೂಜಿ ನಿಮ್ಮ ರಕ್ತದ ಬಲಾ ತಿಂದದ. ಈಗ ಕೊರೊನಾ ಮುಟ್ಟಿತಂದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ. ಮಂದಿ ಇದ್ದಲ್ಲಿ ಹೋಗಬ್ಯಾಡ್ರಿ. ದಿನಾ ಮೂರು ಲೀಟರ್ ನೀರು ಕುಡೀರಿ."

ಹೋಗಬೇಕು, ಹೋಗಬಾರದು. ಆ ತಿಂಗಳು ಪುತಳಾಬಾಯಿಯ ಎದೆ ಈ ಎರಡು ಮಾತಿನ ನಡುವೆ ಹೊಡೆದುಕೊಂಡಿತು. ಯಾರಾದರೂ ಕೆಮ್ಮಿದರೆ ಆಕೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳಗೆ ಸರಿಯುತ್ತಿದ್ದಳು. ಬಸ್ಸು ಬಂದ್ ಆದ ಸುದ್ದಿ ಬಂದ ದಿನ ಊಟ ಇಳಿಯಲಿಲ್ಲ.

ಚೀಟಿ ಅಂಟಿಸಲು ಪಂಚಾಯ್ತಿ ಅಧ್ಯಕ್ಷ ಕಾಶೀನಾಥ ಪಾಟೀಲನೇ ನಾಲ್ಕು ಜನರನ್ನು ಕರೆದುಕೊಂಡು ಬಂದ. ಬಾಗಿಲಿಗೆ ಅಡ್ಡ ಎರಡು ಬಿದಿರು ಕಟ್ಟಿಸಿದ. ಕೆಂಪು ಅಕ್ಷರದ ಕಾಗದ. ಬಕ್ಕಪ್ಪನಿಗೆ ಓದು ಬಾರದು. ಪುತಳಾಬಾಯಿ ನಾಲ್ಕನೆಯ ತನಕ ಶಾಲೆಗೆ ಹೋದವಳು. ಹೊರಗೆ ಕೈ ಚಾಚಿ, ಕಾಗದದ ತುದಿ ಹಿಡಿದು ತಿರುಗಿಸಿ ಓದಿದಳು. ಈ ಮನೆಯಲ್ಲಿ ಪಾಸಿಟಿವ್ ರೋಗಿ ಇದ್ದಾರೆ. ಹದಿನಾಲ್ಕು ದಿನ ಮನೆಯವರು ಹೊರಗೆ ಬರಬಾರದು. ಬಂದರೆ ಕ್ರಮ ಜರುಗಿಸಲಾಗುವುದು.

"ಇದು ಆ ಪಾಸಿಟಿವ್ ಅಲ್ಲರಿ ಪಾಟೀಲ್ರ," ಎಂದಳು. "ಇದು ಎದಿ ಬ್ಯಾನಿದು. ಮೂಗಿನಾಗ ಕಡ್ಡಿ ಹಾಕಿ ನೋಡ್ರಿ ಬೇಕಾದ್ರ."

"ಕಡ್ಡಿ ಎಲ್ಲಿ ಅವ ಪುತಳೀ? ಪಟ್ಟಿ ಮ್ಯಾಲ ಹೋಗ್ಯಾದ. ಏರಿದ ಹೆಸರು ಇಳಸಾಕ ಬರಂಗಿಲ್ಲ. ಸುಮ್ನ ಒಳಗ ಬಿದ್ದಿರು."

ನಳ ಊರ ನಡುವೆ ಇತ್ತು. ಆ ದಿನದಿಂದ ಬಕ್ಕಪ್ಪನ ಕೊಡ ಅಲ್ಲಿಗೆ ಹೋಗಲಿಲ್ಲ. ಓಣಿಯವರು ಒಂದೆರಡು ದಿನ ದೂರದಲ್ಲಿ ಒಂದು ಕೊಡ ಇಟ್ಟು ಹೋದರು. ಹಾಗೆ ಇಟ್ಟವರಿಗೂ ನೀರು ಬಂದ್ ಮಾಡುತ್ತೇವೆ ಎಂದು ಮೇಲಿನ ಓಣಿಯಿಂದ ಮಾತು ಬಂತು. ಆಮೇಲೆ ಅವರೂ ನಿಲ್ಲಿಸಿದರು. ಅವರನ್ನು ಬೈದು ಪ್ರಯೋಜನವಿಲ್ಲ, ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಬಕ್ಕಪ್ಪ ನಡು ಮಧ್ಯಾಹ್ನ, ಊರು ಮಲಗಿರುವಾಗ, ಹಿಂದಿನ ಗೋಡೆ ಹಾರಿ ಕಲ್ಲಿನ ಖಣಿಗೆ ಹೋಗುತ್ತಿದ್ದ. ಎಮ್ಮೆ ಬೀಳುವ ನೀರು. ಬಟ್ಟೆಯಲ್ಲಿ ಸೋಸಿ, ಕುದಿಸಿ, ಆರಿಸಿ ಕೊಡುತ್ತಿದ್ದ. ಮೂರು ಲೀಟರ್ ಎಲ್ಲಿಯದು. ಮೂರು ಗ್ಲಾಸು ಸಿಕ್ಕರೆ ಹೆಚ್ಚು. ತಗಡಿನ ಮನೆ. ಮೇ ತಿಂಗಳ ಬಿಸಿಲು ತಲೆಯ ಮೇಲೆ ಕೂತು ಬಡಿಯುತ್ತಿತ್ತು. ಪುತಳಾಬಾಯಿ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ದಿನ ಎಣಿಸುತ್ತಿದ್ದಳು. ಐದನೇ ಸೂಜಿಗೆ ಎಂಟು ದಿನ. ಏಳು. ಆರು.

ಅದೇ ಹೊತ್ತಿಗೆ ಭಾಲ್ಕಿಯಲ್ಲಿ ಪಾಟೀಲರ ಬೀಗರ ಮನೆಯಲ್ಲಿ ಮದುವೆ ಆಗಿತ್ತು. ಐವತ್ತು ಮಂದಿಗೆ ಪರವಾನಗಿ, ಐನೂರು ಮಂದಿಗೆ ಊಟ. ಅಲ್ಲಿಂದ ಬಂದ ಮೇಲೆ ಕಾಶೀನಾಥನ ಅಪ್ಪ ಹಾವಗೆಪ್ಪನಿಗೆ ಕೆಮ್ಮು ಹತ್ತಿತು. ಕೆಮ್ಮಿದರೆ ಮೂರು ಓಣಿಗೆ ಕೇಳಿಸುತ್ತಿತ್ತು. ಪಾಟೀಲರ ವಾಡೆಗೆ ಚೀಟಿ ಬೀಳಲಿಲ್ಲ. ಸಿದ್ದೇಶ್ವರಿ ಅಲ್ಲಿ ವಯಸ್ಸಿನ ಕೆಮ್ಮು ಎಂದು ಬರೆದುಕೊಂಡಳು. ಹನ್ನೆರಡನೇ ತಾರೀಖು ಹಾವಗೆಪ್ಪನಿಗೆ ಉಸಿರು ಹಿಡಿಯಿತು. ಬೀದರಿನಲ್ಲಿ ಹಾಸಿಗೆ ಇಲ್ಲ ಎಂದು ಭಾಲ್ಕಿಗೆ ಕರೆದುಕೊಂಡು ಹೋದರು. ಪಾಟೀಲರ ಕ್ರೂಸರ್ ಗಾಡಿ ಪುತಳಾಬಾಯಿಯ ಬಾಗಿಲ ಮುಂದಿನಿಂದಲೇ ಧೂಳು ಎಬ್ಬಿಸಿಕೊಂಡು ಹೋಯಿತು. ಆಕೆ ಆ ಧೂಳಿಗೆ ಹೆದರಿ ಬಾಗಿಲು ಹಾಕಿಕೊಂಡಳು.

ಮರುದಿನ ಬಕ್ಕಪ್ಪ ಡಾಕ್ಟರ್ ಫರಹತಗೆ ಫೋನ್ ಹಚ್ಚಿದ. ಅವರು ಎಲ್ಲ ಕೇಳಿಸಿಕೊಂಡರು.

"ಯಾ ಅಲ್ಲಾ. ಅದು ಬ್ಯಾರೆ, ಇದು ಬ್ಯಾರೆ ಬಕ್ಕಪ್ಪ. ಚೀಟಿ ಹಚ್ಚಿದವರಿಗೆ ಫೋನ್ ಕೊಡ್ರಿ. ನಾ ಹೇಳ್ತೇನಿ."

ಸಂಜೆ ಕಾಶೀನಾಥ ಓಣಿಗೆ ಬ್ಲೀಚಿಂಗ್ ಪೌಡರ್ ಹಾಕಿಸಲು ಬಂದಿದ್ದ. ಅಪ್ಪನನ್ನು ತಬ್ಬಿಕೊಂಡು ಗಾಡಿಯಲ್ಲಿ ಕೂರಿಸಿದವನು ಊರೆಲ್ಲ ತಿರುಗುತ್ತಿದ್ದ. ಜೊತೆಗೆ ಸಿದ್ದೇಶ್ವರಿ ಇದ್ದಳು. ಬಕ್ಕಪ್ಪ ಮತ್ತೆ ಡಾಕ್ಟರಣಿಗೆ ಫೋನ್ ಹಚ್ಚಿ, ಬಿದಿರಿನ ಮೇಲಿನಿಂದ ಫೋನು ಹಿಡಿದ ಕೈ ಚಾಚಿ ನಿಂತ. ಕಾಶೀನಾಥ ಅದನ್ನು ಮುಟ್ಟಲಿಲ್ಲ. ದೂರದಿಂದಲೇ, ಸ್ಪೀಕರ್ ಹಾಕು ಎಂದ. ಡಾಕ್ಟರಣಿಯ ಧ್ವನಿ ಓಣಿಗೆಲ್ಲ ಕೇಳಿಸಿತು. ಇದು ಕ್ಯಾನ್ಸರಿನ ಪಾಸಿಟಿವ್. ಇದು ಒಬ್ಬರಿಂದ ಒಬ್ಬರಿಗೆ ಹತ್ತುವುದಲ್ಲ. ನಾಳೆ ಆಕೆಗೆ ಸೂಜಿ ಇದೆ. ಆಕೆಯನ್ನು ಕಳಿಸಿರಿ.

"ಕೇಳ್ದೆನ್ರಿ ಮೇಡಮ್," ಎಂದ ಕಾಶೀನಾಥ. ಫೋನು ಕಟ್ಟಾದ ಮೇಲೆ ಬಕ್ಕಪ್ಪನ ಕಡೆ ತಿರುಗಿದ. "ಅವರು ಹೇಳೋದು ಖರೆ ಇರಬಹುದು ಬಕ್ಯಾ. ಆದ್ರ ಊರ ಮಂದಿ ಅಂಜ್ಯಾರ. ಹದಿನಾಕು ದಿನ ಆಗ್ಲಿ. ಒಂದು ಸೂಜಿ ತಡಾ ಆದ್ರ ಯಾರೂ ಸಾಯಂಗಿಲ್ಲ."

"ನಾ ಸಾಯ್ತೇನ್ರಿ," ಎಂದಳು ಪುತಳಾಬಾಯಿ ಒಳಗಿನಿಂದ.

ಸಿದ್ದೇಶ್ವರಿ ನೆಲ ನೋಡಿದಳು. ಆಕೆಗೆ ತನ್ನ ತಪ್ಪು ಅರ್ಥವಾಗಿತ್ತು. ಬಾಯಿ ತೆರೆದರೆ ತನ್ನ ಮೇಲೇ ಬರುತ್ತದೆ ಎಂದೂ ಅರ್ಥವಾಗಿತ್ತು. ಬ್ಲೀಚಿಂಗ್ ಪೌಡರ್ ಹಾಕಿಸಿ ಇಬ್ಬರೂ ಹೋದರು.

ಮರುದಿನ ಬಸವ ಜಯಂತಿ. ಈದೂ ಅದೇ ದಿನ ಬಂದಿತ್ತು. ಮೆರವಣಿಗೆ ಇರಲಿಲ್ಲ. ಪಂಚಾಯ್ತಿಯ ಮುಂದೆ ಫೋಟೋಕ್ಕೆ ಹಾರ ಹಾಕಿ ಮೈಕಿನಲ್ಲಿ ಕಾಶೀನಾಥ ಹತ್ತು ನಿಮಿಷ ಮಾತನಾಡಿದ. ಮೇಲು ಕೀಳು ಇಲ್ಲ, ನಾವೆಲ್ಲ ಒಂದೇ, ಈ ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು ಆಗಬೇಕು. ಮೈಕಿನ ಭೋಂಗಾ ಹೊಲಗೇರಿಯ ಕಡೆಗೇ ಮುಖ ಮಾಡಿತ್ತು. ಪುತಳಾಬಾಯಿ ಬೆಳಿಗ್ಗೆ ಎದ್ದು, ಇದ್ದ ಒಂದು ಚೊಂಬು ನೀರಿನಲ್ಲಿ ಮುಖ ತೊಳೆದು, ಒಗೆದ ಸೀರೆ ಉಟ್ಟು, ಫೈಲು ತೊಡೆಯ ಮೇಲೆ ಇಟ್ಟುಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಯಾರು ಬರುತ್ತಾರೆ ಎಂದು ಕೂತಿದ್ದಳೋ ಆಕೆಗೇ ಗೊತ್ತಿಲ್ಲ. ಸಂಜೆಯಾದ ಮೇಲೆ ಸೀರೆ ಬಿಚ್ಚಿ ಮಡಚಿಟ್ಟಳು. ಹಾಗೆ ಮಡಚುವಾಗ ಒಂದೇ ಸಲ ಅತ್ತಳು.

ಮೂರನೇ ದಿನ, ಹದಿನೇಳನೇ ತಾರೀಖು, ಬೆಳಿಗ್ಗೆ ಹತ್ತರ ಸುಮಾರಿಗೆ ಬಿಳಿ ಅಂಬ್ಯುಲೆನ್ಸ್ ಊರಿಗೆ ಬಂತು. ಸದ್ದು ಮಾಡದೆ ಬಂತು. ಹಾವಗೆಪ್ಪ ಭಾಲ್ಕಿಯಲ್ಲಿ ತೀರಿಕೊಂಡಿದ್ದ. ಪಾಟೀಲರ ಹೊಲ ಹೊಲಗೇರಿಯ ಆಚೆಗೇ. ಗಾಡಿಯವರು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಹೆಣವನ್ನು ಬೇವಿನ ಮರದ ಕೆಳಗೆ ಇಳಿಸಿದರು. ಡ್ರೈವರನ ಜೊತೆ ಬಂದ ಆಳು ಔರಾದದವನು, ಯಾರದೋ ಮೋಟರ್ ಸೈಕಲ್ ಹತ್ತಿ ಹೋಗಿಬಿಟ್ಟ. ಪಾಟೀಲರ ಬಳಗ ಎರಡು ಹೊಲ ದೂರ ನಿಂತಿತ್ತು. ಬದುಕಿದ್ದಾಗ ಹಾವಗೆಪ್ಪನ ಕಾಲು ಒತ್ತಲು ಮುಂದೆ ಬೀಳುತ್ತಿದ್ದ ಮೊಮ್ಮಕ್ಕಳು ಮೂಗಿಗೆ ಎರಡೆರಡು ಬಟ್ಟೆ ಕಟ್ಟಿಕೊಂಡು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು.

ಡ್ರೈವರ್ ಲಾಲ ಅಹ್ಮದ ನೀರು ಕೇಳಲು ನಳದ ಕಡೆ ಹೋದ. ಹೆಣದ ಗಾಡಿಯವನೆಂದು ಅಲ್ಲಿಂದ ಅಟ್ಟಿದರು. ತಿರುಗಿ ಬರುವಾಗ ಪುತಳಾಬಾಯಿಯ ಬಾಗಿಲ ಮುಂದೆ ನಿಂತ.

"ಅಕ್ಕಾ, ಒಂದು ಗ್ಲಾಸು ನೀರು ಕೊಡ್ರಿ."

"ಚೀಟಿ ನೋಡಪ್ಪ ಮೊದಲ."

"ನೋಡೀನ್ರಿ. ದಿನಾ ಆರು ಏಳು ಹೆಣಾ ಎತ್ತತೇನಿ. ಚೀಟಿಗೆ ಎಲ್ಲಿ ಅಂಜಲಿ."

ಪುತಳಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡು, ಖಣಿಯ ನೀರನ್ನು ಗ್ಲಾಸಿನಲ್ಲಿ ತುಂಬಿ ಬಿದಿರಿನ ಕೆಳಗಿನಿಂದ ಸರಿಸಿದಳು. ಅವನು ಕುಡಿದ. ರುಚಿ ಕಂಡು ಗ್ಲಾಸಿನೊಳಗೆ ನೋಡಿದ. ಆಕೆಯ ಬೋಳು ತಲೆ ನೋಡಿ, "ಯಾವ ಬ್ಯಾನಿ ಅಕ್ಕಾ?" ಎಂದು ಕೇಳಿದ. ಆಕೆ ಹೇಳಿದಳು. ಮೈಲೂರು, ಫರಹತ ಮೇಡಮ್, ಐದನೇ ಸೂಜಿ, ದಾಟಿ ಹೋದ ಮೂರು ದಿನ.

"ನಾ ಬೀದರಕೇ ಹೊಂಟೀನ್ರಿ ಅಕ್ಕಾ. ನಿಮಗ ಅಂಜಿಕಿ ಇಲ್ಲಂದ್ರ ಮುಂದಿನ ಸೀಟ ಖಾಲಿ ಅದ. ಔಷಧ ಹೊಡದು ಒರಸ್ತೇನಿ."

ಅಂಜಿಕೆ ಇಲ್ಲದೆ ಏನು. ಹೆಣ ಬಂದ ಗಾಡಿ. ಕೊರೊನಾ ಮುಟ್ಟಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರಣಿ. ಪುತಳಾಬಾಯಿ ಸೆರಗಿನೊಳಗೆ ಕೈ ಹಾಕಿ ಗಂಟು ಒತ್ತಿದಳು. ಬಾರಿಹಣ್ಣಿನಷ್ಟು ಇರಲಿಲ್ಲ ಅದು, ಮತ್ತೆ ದೊಡ್ಡದಾಗಿತ್ತು. ನಾಲ್ಕು ದಿನದಿಂದ ಗೊತ್ತಿತ್ತು ಆಕೆಗೆ. ಯಾರಿಗೂ ಹೇಳಿರಲಿಲ್ಲ.

"ಔಷಧ ಹೊಡೀರಿ," ಎಂದಳು.

ಲಾಲ ಅಹ್ಮದ ಗಾಡಿಯ ಕಡೆ ಹೋದ. ಅಷ್ಟರಲ್ಲಿ ಕಾಶೀನಾಥ ಬಂದ. ಮುಖ ಬಾಡಿತ್ತು. ಜೇಸಿಬಿಯವನು ಫೋನ್ ಬಂದ್ ಮಾಡಿಕೊಂಡು ಕೂತಿದ್ದ. ಓಣಿಯ ಉಳಿದ ಗಂಡಸರು ಒಳಗಿನಿಂದ ಅಗಳಿ ಹಾಕಿಕೊಂಡಿದ್ದರು.

"ಏ ಬಕ್ಯಾ, ಸಲಿಕಿ ತಗೊಂಡು ಬಾ. ಕುಣಿ ತಗೀಬೇಕು, ಹೆಣಾ ಇಳಸಬೇಕು. ಅಪ್ಪಾ ಹೋಗಿಬಿಟ್ಟ."

ಈಗ ಬಕ್ಕಪ್ಪನ ವಿಷಯ ಹೇಳಬೇಕು. ಆ ಊರಿನ ದೊಡ್ಡ ಮನೆಗಳ ಹೆಣಗಳಿಗೆಲ್ಲ ಕುಣಿ ತೋಡಿದವನು ಅವನೇ. ಅವನ ಅಪ್ಪ ತೋಡುತ್ತಿದ್ದ, ಅವನ ಅಜ್ಜ ತೋಡುತ್ತಿದ್ದ. ಅಳತೆಗೆ ಅವರಿಗೆ ಹಗ್ಗ ಬೇಡ, ಕೋಲು ಬೇಡ. ಒಳಗೆ ಇಳಿದು ನಿಂತರೆ ಮಣ್ಣಿನ ಅಂಚು ಎದೆಗೆ ಬರಬೇಕು. ಆಗ ಎದಿಮಟ ಬಂತ್ರೀ ಎಂದು ಒಳಗಿನಿಂದ ಕೂಗಬೇಕು. ಮೇಲೆ ನಿಂತವರು ಸರಿ ಅನ್ನುತ್ತಾರೆ. ಕುಣಿಯಿಂದ ಹತ್ತಿ ಬರಲು ಯಾರೂ ಕೈ ಕೊಡುವುದಿಲ್ಲ. ಮುಟ್ಟಿದಂತಾಗುತ್ತದಲ್ಲ. ಬಕ್ಕಪ್ಪ ಒಂದು ಸಾವಿಗೂ ಇಲ್ಲ ಅಂದವನಲ್ಲ. ಜ್ವರ ಇದ್ದಾಗಲೂ ಹೋಗಿದ್ದಾನೆ. ಈಗಲೂ ಅವನ ಕೈ ತಾನಾಗಿಯೇ ಮೂಲೆಯ ಸಲಿಕೆಯನ್ನು ಹಿಡಿಯಿತು.

ಪುತಳಾಬಾಯಿ ಆ ಕೈ ಹಿಡಿದಳು.

"ನಾವು ಪಾಸಿಟಿವ್ ರೀ ಪಾಟೀಲ್ರ. ಹೊರಗ ಬರಂಗಿಲ್ಲ."

"ಏನಂದಿ?"

"ನಿಮ್ಮ ಚೀಟಿ ಓದ್ರಿ. ಮನಿಯವರು ಹೊರಗ ಬರಬಾರದು ಅಂತ ಬರದದ. ಬಂದ್ರ ಕ್ರಮ ತಗೋತೀರಂತ. ನಾ ನಾಕನೆತ್ತಾ ಕಲ್ತಾಕಿ, ನನಗ ಓದಾಕ ಬಂತು."

"ಹೆಣಾ ಬಿಸಲಾಗ ಅದ ಪುತಳೀ. ಇಂಥಾ ಹೊತ್ತಿನಾಗ ಮಾತ ತಗೀಬ್ಯಾಡ. ನಿಮಗ ಹ್ಯಾಂಗೂ ಬಂದು ಹೋಗ್ಯಾದ. ಇನ್ನೊಮ್ಮೆ ಬರಂಗಿಲ್ಲ. ಅದಕ್ಕ ನಿಮಗೇ ಕರಿಯಾಕ ಬಂದೀನಿ."

"ನಮಗ ಬಂದಿಲ್ಲರಿ. ಡಾಕ್ಟರಣಿ ಹೇಳಿದ್ದು ನಿಮ್ಮ ಕಿವೀಲೆ ಕೇಳೀರಿ. ಖರೆ ಇರಬಹುದು ಅಂತ ನಿಮ್ಮ ಬಾಯಿಲೆ ಅಂದೀರಿ. ಸೂಜಿಗೆ ಹೋಗ್ತೇನಿ ಅಂದ್ರ ನಾ ಪಾಸಿಟಿವ್. ಹೆಣಾ ಎತ್ತಾಕೂ ಪಾಸಿಟಿವ್. ನೀರು ಕೇಳಿದ್ರ ಪಾಸಿಟಿವ್. ಎಷ್ಟು ಕಡಿ ನಡಸ್ತೀರಿ ಆ ಒಂದು ಶಬ್ದಾ?"

ಕಾಶೀನಾಥ ಆಕೆಯ ಕಡೆ ನೋಡಲಿಲ್ಲ. ಬಕ್ಕಪ್ಪನ ಕಡೆ ನೋಡಿದ. ಅವನಿಗೆ ಆ ಮನೆಯಲ್ಲಿ ಯಾರು ಮೆತ್ತಗೆ ಎಂಬುದು ಗೊತ್ತಿತ್ತು.

"ಬಕ್ಯಾ, ನಿನ್ನ ಹೆಂಡ್ತಿಗಿ ಬುದ್ಧಿ ಹೇಳು. ನಮ್ಮ ಅಜ್ಜಗ ನಿಮ್ಮಪ್ಪ ಕುಣಿ ತಗದಾನ. ಹಿಂದಿನಿಂದ ನಡಕೊಂಡು ಬಂದದ್ದು."

"ಹೆಣಾ ಬಿಸಲಾಗ ಅದ ಪುತಳಿ," ಎಂದ ಬಕ್ಕಪ್ಪನೂ, ಸಣ್ಣಗೆ.

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಪುತಳಾಬಾಯಿಗೆ ಗಂಡನ ಮೇಲೆ ಅಷ್ಟು ಸಿಟ್ಟು ಬಂದಿದ್ದು ಅದೇ ಮೊದಲು.

"ನಾನೂ ಬಿಸಲಾಗೇ ಇದ್ದೆನಲ್ಲರಿ. ಹನ್ನೆರಡು ದಿನ ಇದೇ ತಗಡಿನ ಬುಡಕ ಇದ್ದೆ. ಅಂವಾ ಸತ್ತ ಮ್ಯಾಲ ಬಿಸಲಾಗ ಇದ್ದಾನ. ನಾ ಜೀವ ಇದ್ದಾಗ ಇದ್ದೆ. ನೀವು ಆ ಹೆಣಾ ಮುಟ್ಟಿ ಬಂದು ನನ್ನ ಬಾಜು ಮಲಗಿದ್ರಿ ಅಂದ್ರ ಮುಂದಿನ ಕುಣಿ ನಂದೇ. ಅದನ್ನ ಯಾರು ತಗೀತಾರ, ಪಾಟೀಲ್ರು ತಗೀತಾರೇನು ಕೇಳ್ರಿ."

ಬಕ್ಕಪ್ಪ ಸಲಿಕೆಯನ್ನು ಬಿಡಲಿಲ್ಲ.

ಕಾಶೀನಾಥ ಮುಂದೆ ಬಂದ. ಸಿಟ್ಟಿನಿಂದ ಚೀಟಿ ಕಿತ್ತು ಹರಿದ. ಬಿದಿರನ್ನು ಕಾಲಿನಿಂದ ಒದ್ದ. ಹಗ್ಗ ಬಿಚ್ಚಿ ಬಿದಿರು ಅಂಗಳಕ್ಕೆ ಬಿತ್ತು. "ತಗೋ. ಈಗ ಚೀಟಿ ಇಲ್ಲ. ಪಾಸಿಟಿವ್ ಇಲ್ಲ, ಏನೂ ಇಲ್ಲ. ನಡಿ ಈಗ."

"ಇಲ್ಲಂತೀರಿ?"

"ಇಲ್ಲ."

"ಓಣಿ ಮಂದಿ ಕೇಳ್ಯಾರ," ಎಂದಳು ಪುತಳಾಬಾಯಿ. ನಿಜಕ್ಕೂ ಅಗಳಿ ಹಾಕಿದ ಬಾಗಿಲುಗಳ ಸಂದಿಯಲ್ಲಿ ಕಣ್ಣುಗಳಿದ್ದವು. ಆಕೆ ಒಳಗೆ ಹೋಗಿ ಮಡಚಿಟ್ಟ ಸೀರೆ, ಫೈಲು ಒಂದು ಚೀಲಕ್ಕೆ ಹಾಕಿಕೊಂಡು ಬಂದಳು. ಒದ್ದೆ ಮಾಡಿದ ಬಟ್ಟೆಯನ್ನು ಮೂಗು ಬಾಯಿಗೆ ಬಿಗಿದು ಕಟ್ಟಿದಳು. "ರೋಗ ಇಲ್ಲಂದ್ರ ನಾ ಬೀದರಕ ಹೊಂಟೀನಿ. ಇವರೂ ಬರ್ತಾರ, ನನಗ ಒಬ್ಬಾಕಿಗೇ ನಡಿಯಾಕ ಆಗಂಗಿಲ್ಲ."

ಬಕ್ಕಪ್ಪ ಸಲಿಕೆ ಹಿಡಿದುಕೊಂಡೇ ಹೊರಗೆ ಬಂದ. ಒಂದು ಸಲ ಬೇವಿನ ಮರದ ಕಡೆ ನೋಡಿದ. ಒಂದು ಸಲ ಹೆಂಡತಿಯ ಬೆನ್ನು ನೋಡಿದ. ಆಕೆ ಬಗ್ಗಿ ಬಗ್ಗಿ, ಗೋಡೆ ಹಿಡಿದು ಹೋಗುತ್ತಿದ್ದಳು. ತಿರುಗಿ ನೋಡಲಿಲ್ಲ. ಬಕ್ಕಪ್ಪ ಕಾಶೀನಾಥನ ಕಾಲ ಹತ್ತಿರ ಸಲಿಕೆಯನ್ನು ಇಟ್ಟ. ಒಗೆಯಲಿಲ್ಲ, ಇಟ್ಟ. ಆಮೇಲೆ ಓಡಿ ಹೋಗಿ ಆಕೆಯ ತೋಳು ಹಿಡಿದ.

"ಮಕ್ಕಳಾ, ಊರಿಗೆ ತಿರುಗಿ ಬರಬೇಕಲ್ಲ, ಆಗ ನೋಡ್ಕೋತೇನಿ," ಎಂದು ಹಿಂದಿನಿಂದ ಕಾಶೀನಾಥ ಕೂಗಿದ್ದು ಕೇಳಿಸಿತು. ಲಾಲ ಅಹ್ಮದ ಗಾಡಿ ಚಾಲೂ ಮಾಡಿದ.

ಅರವತ್ತು ಕಿಲೋಮೀಟರ್ ದಾರಿ. ಪುತಳಾಬಾಯಿ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಳು. ಗಾಡಿಯ ಯಾವ ಭಾಗವನ್ನೂ ಮುಟ್ಟಲಿಲ್ಲ. ಉಸಿರನ್ನೂ ಅಳೆದು ಅಳೆದು ಬಿಟ್ಟಳು. ಔಷಧದ ವಾಸನೆಗೆ ಎರಡು ಸಲ ವಾಂತಿಗೆ ಬಂತು, ನುಂಗಿದಳು. ದಾರಿಯಲ್ಲಿ ಎರಡು ಕಡೆ ಪೊಲೀಸರು ಇದ್ದರು. ಅಂಬ್ಯುಲೆನ್ಸನ್ನು ಯಾರೂ ನಿಲ್ಲಿಸಲಿಲ್ಲ. ಹೆಣಕ್ಕೆ ದಾರಿ ಬಿಟ್ಟಷ್ಟು ಸಲೀಸಾಗಿ ತನಗೆ ಮೊದಲೇ ಬಿಟ್ಟಿದ್ದರೆ ಎಂದುಕೊಂಡಳು.

ದವಾಖಾನೆಯ ಗೇಟಿನಲ್ಲೇ ಇಬ್ಬರ ಮೂಗಿಗೂ ಕಡ್ಡಿ ಹಾಕಿದರು. ಅರ್ಧ ತಾಸಿಗೆ ನರ್ಸ್ ಬಂದು, "ಇಬ್ಬರದೂ ನೆಗೆಟಿವ್," ಎಂದಳು.

ಬಕ್ಕಪ್ಪನ ಮುಖ ಇಳಿದು ಹೋಯಿತು. "ನೆಗೆಟಿವ್ ಅಂದ್ರ ಹ್ಯಾಂಗ್ರಿ ತಂಗಿ? ಪಾಸಿಟಿವ್ ಇದ್ರ ಗುಳಗಿ ನಾಟತದ ಅಂದಿದ್ರಲ್ಲರಿ ಮೇಡಮ್ಮರು?"

ಪುತಳಾಬಾಯಿ ಹನ್ನೆರಡು ದಿನದ ಮೇಲೆ ನಕ್ಕಳು. ನಕ್ಕರೆ ಬಾಯಿಯ ಹುಣ್ಣು ಉರಿಯಿತು.

ಡಾಕ್ಟರ್ ಫರಹತ ಗಂಟು ಮುಟ್ಟಿ ನೋಡಿದರು. ಎರಡು ಸಲ ಮುಟ್ಟಿದರು. ರಕ್ತದ ಕಾಗದ ನೋಡಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

"ಸುಳ್ಳು ಹೇಳಂಗಿಲ್ಲ ಪುತಳಾಬಾಯಿ. ಗಂಟು ಬೆಳದದ. ರಕ್ತಾನೂ ಬಾಳ ಕೆಳಗ ಇಳದದ. ಇವತ್ತು ಸೂಜಿ ಹಾಕಿದ್ರ ನೀವು ತಡಕೊಳ್ಳಂಗಿಲ್ಲ. ಮೈಯಾಗ ನೀರೇ ಇಲ್ಲ. ಎರಡು ದಿನ ಇಲ್ಲೇ ಇರ್ರಿ, ನೀರು ಏರಸ್ತೇನಿ. ರಕ್ತ ಏರಿತಂದ್ರ ಬುಧವಾರ ಐದನೇದು ಹಾಕ್ತೇನಿ."

"ಏರಲಿಲ್ಲಂದ್ರ?"

ಡಾಕ್ಟರಣಿ ಆಕೆಯ ತಲೆಯ ಮೇಲೆ ಕೈ ಇಟ್ಟು ಎದ್ದು ಹೋದರು.

ಬಾಟಲಿ ತೂಗು ಹಾಕಿದರು. ಅದರಲ್ಲಿ ಏನಿದೆ ಎಂದು ಪುತಳಾಬಾಯಿ ಕೇಳಿದಳು. ನೀರು, ಉಪ್ಪು, ಸ್ವಲ್ಪ ಸಕ್ಕರೆ ಎಂದಳು ನರ್ಸ್. ಊರ ನಳದಲ್ಲಿ ಕೊಡದಿದ್ದನ್ನು ಇಲ್ಲಿ ನರ ಹುಡುಕಿ, ಚುಚ್ಚಿ, ಹನಿಹನಿಯಾಗಿ ಬಿಡುತ್ತಿದ್ದರು. ಆಕೆಗೆ ಹೊಟ್ಟೆಯೊಳಗಿಂದ ಸಿಟ್ಟು ಬಂತು. ಅಳಲಿಲ್ಲ. ಅತ್ತರೆ ಇರುವ ನೀರೂ ಹೋಗುತ್ತದೆ.

ಸಂಜೆ ನಾಲ್ಕರ ಸುಮಾರಿಗೆ ಬಕ್ಕಪ್ಪನ ಫೋನು ರಿಂಗಾಯಿತು. ಅವನಿಗೆ ಸ್ಪೀಕರ್ ಬಂದ್ ಮಾಡಲು ಬರುತ್ತಿರಲಿಲ್ಲ. ಕಾಶೀನಾಥನ ಧ್ವನಿ. ಏದುಸಿರು ಬಿಡುತ್ತಿದ್ದ.

"ಬಕ್ಕಪ್ಪ."

ಕಾಶೀನಾಥ ಬಕ್ಕಪ್ಪ ಎಂದು ಕರೆದ. ಬಕ್ಯಾ ಅನ್ನಲಿಲ್ಲ. ಪುತಳಾಬಾಯಿ ಕಣ್ಣು ತೆರೆದಳು.

"ಬಕ್ಕಪ್ಪ, ಯಾರೂ ಬರಲಿಲ್ಲೋ. ನಾನೇ ತೋಡ್ಲಿಕತ್ತೀನಿ. ಕೈಯೆಲ್ಲ ಬೊಕ್ಕಿ ಎದ್ದಾವ. ಎಷ್ಟು ಆಳ ತಗೀಬೇಕು, ಅಷ್ಟು ಹೇಳು."

ಪುತಳಾಬಾಯಿ ಗಂಡನ ಮುಖ ನೋಡಿದಳು. ಈಗ ಬಂದೆನ್ರಿ ಅನ್ನುತ್ತಾನೆ ಎಂದುಕೊಂಡಳು. ಚುಚ್ಚಿದ ಕೈ ಮರೆತು ಏಳಲು ಹೋದಳು. ನರ ಜಗ್ಗಿತು.

ಬಕ್ಕಪ್ಪ, ಕೆಲಸ ಕಲಿಯುವವನಿಗೆ ಹೇಳುವಂತೆ, ಸಾವಕಾಶ ಹೇಳಿದ.

"ಎದಿಮಟರಿ ಪಾಟೀಲ್ರ. ಒಳಗ ಇಳದು ನಿಂತು ನೋಡ್ರಿ. ಅಂಚು ಎದಿಗೆ ಬರಬೇಕು. ಮ್ಯಾಲ ಬರೂ ಮುಂದ ಸಲಿಕಿ ಮೊದಲ ಹೊರಗ ಒಗೀರಿ. ಆಮ್ಯಾಲ ಮೊಣಕೈ ಊರಿ, ಮೈ ಎಳಕೋತ ಹತ್ತರಿ. ಯಾರೂ ಕೈ ಕೊಡಂಗಿಲ್ಲ. ನಾ ಹಂಗೇ ಹತ್ತಿ ಬರ್ತಿದ್ದೆ."

ಫೋನು ಕಟ್ಟು ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡ. ಬಾಟಲಿಯಲ್ಲಿ ನೀರು ಎಷ್ಟು ಉಳಿದಿದೆ ಎಂದು ತಲೆ ಎತ್ತಿ ನೋಡಿದ.

ಪುತಳಾಬಾಯಿ ಅವನ ಮೊಣಕೈ ನೋಡಿದಳು. ಎರಡರ ಮೇಲೂ ಚರ್ಮ ಕರಿಗಟ್ಟಿ, ಎತ್ತಿನ ಹೆಗಲಿನಂತೆ ದಡ್ಡು ಬಿದ್ದಿತ್ತು. ಮದುವೆಯಾದಾಗಿನಿಂದ ಅದನ್ನು ನೋಡಿದ್ದಳು. ಯಾತರದ್ದು ಎಂದು ಒಂದು ದಿನವೂ ಕೇಳಿರಲಿಲ್ಲ.